ಮಂದ್ರಸ್ವರಕ್ಕೊಂದು ಬೋನು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಬೋನು ಎಂದೊಡನೆ ಇಲಿಯೋ ಚಿರತೆಯೋ ನೆನಪಿಗೆ ಬರುವುದು ಸಹಜ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ ಧ್ವನಿಗೂ ಬೋನು ಒಡ್ಡುವವರಿದ್ದಾರೆ. ಇಂಗ್ಲಿಷಿನವರು ಇದನ್ನು ‘ಬೇಸ್ ಟ್ರ್ಯಾಪ್’ ಎನ್ನುತ್ತಾರೆ. ಬೇಸ್ ಎಂದರೆ ತಗ್ಗಿನ ಸ್ವರ, ನಮ್ಮ ಸಂಗೀತಗಾರರ ಮಾತಿನಲ್ಲಿ ಮಂದ್ರ. ಟ್ರ್ಯಾಪ್ ಎಂದರೆ ಬೋನು. ಧ್ವನಿಮುದ್ರಣ ಮಾಡುವ ಕೋಣೆಯ ಮೂಲೆಗಳಲ್ಲಿ ನಿಲ್ಲಿಸುವ, ಉಣ್ಣೆಯಂಥ ಪದಾರ್ಥವನ್ನು ತುಂಬಿದ ಚೌಕಟ್ಟೇ ಈ ಬೋನು. ಕಲಾವಿಭಾಗದವನಾದ ನಾನು ಭೌತಶಾಸ್ತ್ರದ ವಿಷಯಕ್ಕೆ ಕೈಹಾಕಿರುವುದನ್ನು ಕಂಡು ಅಧ್ಯಾಪಕರು ನಗಬಹುದು. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ನನ್ನ ತಂದೆಯವರು ಗಾರೆಕೆಲಸದ ಮೇಸ್ತ್ರಿಗಳು. ಓದುಬರಹ ಬಾರದು. ಆದರೆ ಊರಿನ ಭಜನಾಮಂಡಳಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ತತ್ತ್ವಪದಗಳನ್ನು ಹಾಡುತ್ತ ಬಂದಿದ್ದಾರೆ. ಶರೀಫರವು, ಕಡಕೋಳ ಮಡಿವಾಳಪ್ಪನವರವು ಎಂದು ಹೆಸರು ಹೇಳಬಹುದಾದ ಪದಗಳು ಕೆಲವು. ಯಾರು ಕಟ್ಟಿದರೆಂಬುದೇ ತಿಳಿಯದೆ ಅವರ ಗುರುಗಳ ಬಾಯಿಂದ ಅವರ ಬಾಯಿಗೆ ಬಂದವು ಹಲವು. ಈ ಎರಡನೆಯ ಬಗೆಯವು ನಾನು ಹುಡುಕಿದ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಅವುಗಳನ್ನು ಧ್ವನಿಮುದ್ರಿಸಿ ಇಡಬೇಕೆಂಬ ಆಸೆ ನಾನು ಕಾಲೇಜಿಗೆ ಸೇರಿದ ವರ್ಷವೇ ಹುಟ್ಟಿತು. ಮನೆಯ ಹಿಂಭಾಗದಲ್ಲಿ ತಂದೆಯವರೇ ತಮ್ಮ ಕೈಯಿಂದ ಕಟ್ಟಿದ ಒಂದು ಕೋಣೆಯುಂಟು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ತೂಗುಗುಂಡು ಬಿಟ್ಟು ನೋಡಿದರೆ ಒಂದು ನೂಲಿನಷ್ಟೂ ಓರೆ ಇಲ್ಲ. ಗೋಡೆಗೆ ನುಣುಪಾದ ಸಿಮೆಂಟು, ಮೇಲೆ ಕಾಂಕ್ರೀಟು. ಬಂದವರಿಗೆಲ್ಲ ಅವರು ಈ ಕೋಣೆಯನ್ನು ತೋರಿಸುತ್ತಿದ್ದರು.

ಆ ಕೋಣೆಯಲ್ಲಿ ಅವರನ್ನು ಕೂಡಿಸಿ, ಒಬ್ಬ ಗೆಳೆಯನ ಮೈಕನ್ನು ಎರವಲು ತಂದು ಆರು ಪದಗಳನ್ನು ಮುದ್ರಿಸಿಕೊಂಡು, ಜಾನಪದ ಸಂಗ್ರಹ ಮಾಡುವ ಒಂದು ಕಚೇರಿಗೆ ಕಳುಹಿಸಿದೆ. ‘ಕೊಡದೊಳಗಿಂದ ಹಾಡಿದಂತಿದೆ, ಮಾತು ತಿಳಿಯುವುದಿಲ್ಲ’ ಎಂಬ ಉತ್ತರ ಬಂದಿತು. ನಾನೂ ಕೇಳಿ ನೋಡಿದೆ. ಮಾತು ನಿಜವೇ ಆಗಿತ್ತು. ದನಿ ಮೇಲಿದ್ದಾಗ ಹೇಗೋ ಸರಿ. ಕೆಳಗಿನ ಪಂಚಮಕ್ಕೆ ಇಳಿದೊಡನೆ ಒಂದು ಗುಂಯ್‌ಕಾರ ಎದ್ದು ಮಾತನ್ನೆಲ್ಲ ನುಂಗುತ್ತಿತ್ತು. ತಂದೆಯವರು ಅದನ್ನು ಕೇಳಿ, ‘ನನ್ನ ಕಂಠ ಹೋಯಿತು. ಸಿಮೆಂಟಿನ ಧೂಳು ಕುಡಿದ ಕಂಠ, ಇನ್ನೆಷ್ಟು ದಿನ ಬಾಳೀತು?’ ಎಂದರು. ಅಂದಿನಿಂದ ಮಂಡಳಿಗೆ ಹೋಗುವುದನ್ನೂ ಕಡಿಮೆ ಮಾಡಿದರು. ಆದರೆ ಗುಡಿಯ ಜಗುಲಿಯಲ್ಲಿ ಅದೇ ಕಂಠ ಸ್ವಚ್ಛವಾಗಿ ಕೇಳಿಸುತ್ತಿತ್ತಲ್ಲ? ಹಾಗಾದರೆ ತಪ್ಪು ಯಾರದು? ಈ ಪ್ರಶ್ನೆಯೇ ನನ್ನನ್ನು ಮಂದ್ರದ ಬೋನಿನವರೆಗೆ ಕರೆದೊಯ್ದಿತು.

ಮೊದಲು ಧ್ವನಿಯ ಓಟವನ್ನು ನೋಡೋಣ. ನಮ್ಮ ಸೀಮೆಯ ಬೆಚ್ಚನೆಯ ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1140 ಅಡಿ ಓಡುತ್ತದೆ. ವಿಜಯಪುರದ ಗೋಳಗುಮ್ಮಟದಂಥ ವಿಶಾಲವಾದ ಕಟ್ಟಡದಲ್ಲಿ ಗೋಡೆ ದೂರವಿರುವುದರಿಂದ ಹೋದ ದನಿ ತಿರುಗಿ ಬರಲು ಹೊತ್ತು ಹಿಡಿಯುತ್ತದೆ. ನಾವು ಅದನ್ನು ಬೇರೆಯ ದನಿಯಾಗಿ, ಪ್ರತಿಧ್ವನಿಯಾಗಿ ಕೇಳುತ್ತೇವೆ. ಹತ್ತಡಿಯ ಕೋಣೆಯಲ್ಲಿ ಹಾಗಲ್ಲ. ಹತ್ತಡಿ ಹೋಗಿ ಹತ್ತಡಿ ಬಂದರೆ ಇಪ್ಪತ್ತಡಿ; ಒಂದು ಸೆಕೆಂಡಿನಲ್ಲಿ ದನಿಯು 57 ಸಲ ಹೋಗಿ ಬಂದು ಮಾಡುತ್ತದೆ. ಇಷ್ಟು ಬೇಗ ಮರಳಿದ ದನಿ ಪ್ರತಿಧ್ವನಿಯಾಗಿ ಕೇಳಿಸದು. ಅದು ಮೂಲ ದನಿಯೊಡನೆಯೇ ಬೆರೆತುಹೋಗುತ್ತದೆ.

ಈ ಬೆರೆಯುವಿಕೆಯಲ್ಲೇ ತೊಡಕು ಇರುವುದು. ಮಗುವನ್ನು ಉಯ್ಯಾಲೆಯಲ್ಲಿ ಕೂಡಿಸಿ ತೂಗುವವರು ಉಯ್ಯಾಲೆ ತಮ್ಮ ಬಳಿಗೆ ಬಂದಾಗಲೇ ಒಂದು ಸಣ್ಣ ನೂಕು ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಕೊಟ್ಟ ಸಣ್ಣ ನೂಕುಗಳಿಂದಲೇ ಉಯ್ಯಾಲೆ ಮಾಡಿನವರೆಗೆ ಏರುತ್ತದೆ. ಕೋಣೆಯ ಗಾಳಿಯೂ ಹೀಗೆಯೇ. ಸೆಕೆಂಡಿಗೆ 57 ಕಂಪನಗಳಿರುವ ಸ್ವರವು ಗೋಡೆಗೆ ತಾಗಿ ಮರಳುವ ಹೊತ್ತಿಗೆ ಸರಿಯಾಗಿ ಅದರ ಮುಂದಿನ ಕಂಪನ ಹೊರಡುತ್ತದೆ. ನೂಕಿನ ಮೇಲೆ ನೂಕು ಬಿದ್ದು ಆ ಒಂದು ಸ್ವರ ಮಾತ್ರ ಮಿತಿಮೀರಿ ಬೆಳೆಯುತ್ತದೆ. 57ರ ಎರಡರಷ್ಟಾದ 114ಕ್ಕೂ, ಮೂರರಷ್ಟಾದ 171ಕ್ಕೂ ಇದೇ ನಿಯಮ. ಭೌತಶಾಸ್ತ್ರದವರು ಇದನ್ನು ನಿಂತ ಅಲೆ ಎನ್ನುತ್ತಾರೆ. ಅಲೆ ಓಡುತ್ತಿದ್ದರೂ ಅದರ ಏರು ತಗ್ಗುಗಳು ಕೋಣೆಯಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಇರುವುದರಿಂದ ಈ ಹೆಸರು.

ಸಾಮಾನ್ಯವಾದ ಕೋಣೆಯಲ್ಲಿ ಉದ್ದ ಒಂದು, ಅಗಲ ಒಂದು, ಎತ್ತರ ಇನ್ನೊಂದು. ಮೂರು ದಿಕ್ಕಿಗೆ ಮೂರು ಬೇರೆ ಸ್ವರಗಳು ಬೆಳೆಯುತ್ತವೆ, ತೊಂದರೆ ಹಂಚಿಹೋಗುತ್ತದೆ. ಮೂರೂ ಹತ್ತಡಿಯಾದ ಕೋಣೆಯಲ್ಲಿ ಮೂರು ದಿಕ್ಕೂ ಸೇರಿ ಒಂದೇ ಸ್ವರವನ್ನು ಬೆಳೆಸುತ್ತವೆ. ಧ್ವನಿಮುದ್ರಣಕ್ಕೆ ಘನಾಕಾರದ ಕೋಣೆಗಿಂತ ಕೆಟ್ಟ ಆಕಾರ ಬೇರೊಂದಿಲ್ಲವೆಂದು ಬಲ್ಲವರು ಹೇಳುವುದು ಈ ಕಾರಣದಿಂದ. ನಮ್ಮ ತಂದೆಯವರು ಹಾರ್ಮೋನಿಯಮ್ಮಿನ ಕಪ್ಪು ಎರಡರ ಸುರದಲ್ಲಿ ಹಾಡುತ್ತಾರೆ. ಆ ಸುರದ ಮಂದ್ರ ಪಂಚಮಕ್ಕೆ ಸೆಕೆಂಡಿಗೆ ಸುಮಾರು 117 ಕಂಪನ. ಕೋಣೆಯ 114ರ ಮಗ್ಗುಲಲ್ಲೇ ಅದು ಬಂದು ಕೂತಿತ್ತು! ಲೆಕ್ಕ ಬಿಡಿಸಿದ ದಿನ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ತಪ್ಪು ಕಂಠದ್ದಲ್ಲವೆಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳಿದರೆ ತಪ್ಪು ಕೋಣೆಯದಾಗುತ್ತದೆ. ಕೋಣೆ ಕಟ್ಟಿದವರೂ ಅವರೇ.

ಹೇಳುವ ಮೊದಲು ನಾನೇ ಒಮ್ಮೆ ಪರೀಕ್ಷಿಸಿದೆ. ಮಂಡಳಿಯ ದೊಡ್ಡ ಸ್ಪೀಕರನ್ನು ಕೋಣೆಯ ಒಂದು ಮೂಲೆಯಲ್ಲಿಟ್ಟು, ಮೊಬೈಲಿನಿಂದ 57 ಕಂಪನದ ಒಂದೇ ಸ್ವರವನ್ನು ಬಿಟ್ಟು ಕೋಣೆಯೊಳಗೆ ನಡೆದಾಡಿದೆ. ನಟ್ಟನಡುವೆ ನಿಂತಾಗ ಸ್ವರ ಬಹುಮಟ್ಟಿಗೆ ಮಾಯ! ಗೋಡೆಯ ಬಳಿಗೆ ಹೋದಂತೆ ಬೆಳೆಯಿತು. ಎದುರಿನ ಮೂಲೆಗೆ ತಲೆಯಿಟ್ಟಾಗ ಕಿವಿ ಅದುರಿತು. 114ಕ್ಕೆ ಬದಲಿಸಿದಾಗ ಗೋಡೆಗಳ ಬಳಿಯಲ್ಲಿಯೂ ನಡುವಿನಲ್ಲಿಯೂ ಜೋರು, ಅವೆರಡರ ಮಧ್ಯೆ ತಗ್ಗು. ನಾನು ತಂದೆಯವರನ್ನು ಕೂಡಿಸಿದ್ದು ಸರಿಯಾಗಿ ನಡುವೆಯೇ. ಯಾವ ಸ್ವರವನ್ನು ತೆಗೆದುಕೊಂಡರೂ ಮೂಲೆಯಲ್ಲಿ ಮಾತ್ರ ಅದು ಜೋರಾಗಿಯೇ ಇತ್ತು. ಮೂರು ಗೋಡೆ ಕೂಡುವ ಆ ಸ್ಥಳ ಮಂದ್ರಸ್ವರಗಳೆಲ್ಲ ಬಂದು ಸೇರುವ ಜಾಗ. ಇಲಿಯ ಬೋನನ್ನು ಇಲಿ ಓಡಾಡುವ ಮೂಲೆಯಲ್ಲೇ ಇಡುವಂತೆ ಇದನ್ನೂ ಮೂಲೆಯಲ್ಲಿಡುವುದು ಇದಕ್ಕಾಗಿ.

ಇಲ್ಲಿ ನನ್ನ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಈ ಲೆಕ್ಕವೆಲ್ಲ ತಿಳಿಯುವ ಮೊದಲು ಯಾರದೋ ಮಾತು ಕೇಳಿ, ಅಂಗಡಿಗಳಿಂದ ಮೊಟ್ಟೆಯ ಕಾಗದದ ತಟ್ಟೆಗಳನ್ನು ಬೇಡಿ ತಂದು ಎರಡು ಗೋಡೆಗಳಿಗೆ ಅಂಟಿಸಿದ್ದೆ. ಗುಂಯ್‌ಕಾರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮಾತಿನ ಹೊಳಪು ಮಾತ್ರ ತುಸು ಮಾಸಿತು. ಕಾರಣ ಸರಳ. ಸಕಾರ ಶಕಾರಗಳ ಸೀಟಿಯಂಥ ದನಿಗೆ ಸೆಕೆಂಡಿಗೆ ನಾಲ್ಕೈದು ಸಾವಿರ ಕಂಪನ. ಅದರ ಅಲೆಯ ಉದ್ದ ಸುಮಾರು ಮೂರು ಇಂಚು. 114 ಕಂಪನದ ಅಲೆಯ ಉದ್ದ ಹತ್ತಡಿ, 57ರದು ಇಪ್ಪತ್ತಡಿ. ಒಂದೂವರೆ ಇಂಚಿನ ತೆಳು ಕಾಗದದಿಂದ ಹತ್ತಡಿಯ ಅಲೆಯನ್ನು ತಡೆಯಹೊರಡುವುದು ಸೊಳ್ಳೆಪರದೆಯಿಂದ ಆನೆಯನ್ನು ಹಿಡಿಯಹೋದಂತೆ.

ಹಾಗಾದರೆ ಹಿಡಿಯುವುದು ಹೇಗೆ? ಮತ್ತೆ ಉಯ್ಯಾಲೆಗೆ ಬರೋಣ. ತೂಗುವ ಉಯ್ಯಾಲೆ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ; ನಡುವೆ ಅದರ ವೇಗ ಎಲ್ಲಕ್ಕಿಂತ ಹೆಚ್ಚು. ಹುಲ್ಲಿನ ಕಂತೆಯನ್ನು ತಾಗಿಸಿ ಅದನ್ನು ನಿಲ್ಲಿಸಬೇಕಾದರೆ ಕಂತೆಯನ್ನು ನಡುವೆ ಹಿಡಿಯಬೇಕೇ ಹೊರತು ತುದಿಯಲ್ಲಲ್ಲ. ಧ್ವನಿಯಲ್ಲಿ ಗಾಳಿಯ ಕಣಗಳು ಹಿಂದೆ ಮುಂದೆ ತೂಗುತ್ತವೆ. ಗೋಡೆಗೆ ತಾಗಿದ ಗಾಳಿ ತೂಗಲಾರದು. ಅಲ್ಲಿ ಒತ್ತಡ ಮಾತ್ರ ಹೆಚ್ಚು. ಅಲೆಯ ಉದ್ದದ ಕಾಲುಭಾಗದಷ್ಟು ದೂರ ಬಂದಾಗ ತೂಗಾಟ ಅತಿ ಹೆಚ್ಚು. ಉಣ್ಣೆಯಂಥ ಪದಾರ್ಥ ಧ್ವನಿಯನ್ನು ಹೀರುವುದು ತನ್ನ ಎಳೆಗಳ ನಡುವೆ ಗಾಳಿ ಓಡಾಡಿ ಉಜ್ಜಿದಾಗ. ಆ ಉಜ್ಜಾಟದಲ್ಲಿ ಧ್ವನಿಯ ಶಕ್ತಿ ಕಿಂಚಿತ್ ಶಾಖವಾಗಿ ಕಳೆದುಹೋಗುತ್ತದೆ. ಆದ್ದರಿಂದ ತೆಳ್ಳಗಿನ ಪದರವನ್ನು ಗೋಡೆಗೆ ಅಂಟಿಸಿದರೆ ಮಂದ್ರಕ್ಕೆ ಏನೂ ಆಗದು. ಪದರ ದಪ್ಪವಾಗಿರಬೇಕು, ಗೋಡೆಯಿಂದ ದೂರವೂ ಇರಬೇಕು. 114 ಕಂಪನಕ್ಕೆ ಕಾಲುಭಾಗವೆಂದರೆ ಎರಡೂವರೆ ಅಡಿ. ಹತ್ತಡಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಅಷ್ಟು ಜಾಗವನ್ನು ಬಿಟ್ಟುಕೊಡುವವರಾರು? ಮೂಲೆಯು ಇಲ್ಲಿ ಎರಡನೆಯ ಸಲ ಉಪಕಾರಕ್ಕೆ ಬರುತ್ತದೆ. ಎರಡಡಿ ಅಗಲದ ಚೌಕಟ್ಟನ್ನು ಮೂಲೆಗೆ ಅಡ್ಡಲಾಗಿ ಓರೆಯಾಗಿ ನಿಲ್ಲಿಸಿದರೆ ಅದರ ಬೆನ್ನಿಗೂ ಮೂಲೆಗೂ ನಡುವೆ ತಾನಾಗಿಯೇ ಒಂದಡಿಯ ಅಂತರ ಸಿಗುತ್ತದೆ.

ಮೆತ್ತನೆಯ ವಸ್ತುಗಳಿಂದ ಕೋಣೆಯ ದನಿಯನ್ನು ಪಳಗಿಸುವ ಈ ವಿದ್ಯೆಯನ್ನು ಶಾಸ್ತ್ರವಾಗಿಸಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸೇಬಿನ್ ಎಂಬ ಅಧ್ಯಾಪಕ. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಮಂದಿರದಲ್ಲಿ ಮಾತಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದನಿ ಐದು ಸೆಕೆಂಡಿಗೂ ಮಿಕ್ಕಿ ಸುಳಿದಾಡುತ್ತಿತ್ತು. ಸೇಬಿನ್ನನು ಬೇರೊಂದು ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ರಾತ್ರಿಯ ನಿಶ್ಶಬ್ದದಲ್ಲಿ ಒಂದು ಆರ್ಗನ್ ಕೊಳವೆಯನ್ನೂ ಗಡಿಯಾರವನ್ನೂ ಇಟ್ಟುಕೊಂಡು, ಎಷ್ಟು ಮೆತ್ತೆಗೆ ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದನು. ಕೋಣೆಯ ಗಾತ್ರಕ್ಕೂ ಅದರೊಳಗಿನ ಮೆತ್ತನೆಯ ಮೇಲ್ಮೈಗೂ ಇರುವ ಸಂಬಂಧದ ಸೂತ್ರ ಆ ರಾತ್ರಿಗಳಿಂದ ಹುಟ್ಟಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಎಂಬ ಸಂಗೀತಮಂದಿರವನ್ನು ಅವನ ಸಲಹೆಯಂತೆಯೇ ಕಟ್ಟಿದರು.

ಸೇಬಿನ್ನನ ಮೆತ್ತೆಗಳೇ ನನಗೆ ದಾರಿ ತೋರಿಸಿದವು. ಮನೆಯ ಹತ್ತಿಯ ಹಾಸಿಗೆಗಳನ್ನೆಲ್ಲ ಸುರುಳಿ ಸುತ್ತಿ ಕೋಣೆಯ ಮೂಲೆಗಳಲ್ಲಿ ನಿಲ್ಲಿಸಿದೆ. ‘ರಾತ್ರಿ ಎಲ್ಲಿ ಮಲಗುವುದು?’ ಎಂದು ತಾಯಿಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ದಗ್ಗದ ಮೇಲೆ ಒಂದು ಪೆಟ್ಟು ಹಾಕಿ ಕೇಳಿದಾಗ ಅದರ ಬಾಲ ಮೊಟಕಾಗಿತ್ತು. ಆಗ ಧೈರ್ಯ ಮಾಡಿ ತಂದೆಯವರನ್ನು ಕರೆದು ಸ್ಪೀಕರಿನ ಪರೀಕ್ಷೆಯನ್ನೂ ಹಾಸಿಗೆಯ ಪರೀಕ್ಷೆಯನ್ನೂ ತೋರಿಸಿದೆ. ಹತ್ತು, ಹತ್ತು, ಹತ್ತು ಎಂಬ ಲೆಕ್ಕವನ್ನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ಗೋಡೆ ಸರಿಯಿದ್ದದ್ದೇ ತಪ್ಪಾಯಿತೇನು?’ ಎಂದರು. ‘ಗೋಡೆ ಸರಿಯೇ ಇದೆ, ಅಳತೆ ಮಾತ್ರ ಹಾಡಿಗೆ ಹೊಂದುವುದಿಲ್ಲ’ ಎಂದೆ. ಮರುದಿನ ಬೆಳಿಗ್ಗೆ ನೋಡಿದರೆ ಅವರು ಸೆಂಟ್ರಿಂಗಿನ ಹಳೆಯ ಹಲಗೆಗಳನ್ನು ಆರಿಸಿ ಅಂಗಳದಲ್ಲಿ ಹಾಕಿದ್ದರು.

ನಾವು ಬೋನು ಮಾಡಿದ ಕ್ರಮವನ್ನು ಹೇಳುತ್ತೇನೆ. ಮುಕ್ಕಾಲು ಇಂಚು ದಪ್ಪ, ನಾಲ್ಕೂವರೆ ಇಂಚು ಅಗಲದ ಹಲಗೆಗಳಿಂದ, ಒಳಗೆ ಎರಡಡಿಗೆ ನಾಲ್ಕಡಿ ಅಳತೆ ಬರುವಂತೆ ಚೌಕಟ್ಟು ಹೊಡೆದೆವು. ಅದರೊಳಗೆ ಕಲ್ಲುಣ್ಣೆ ಅಥವಾ ರಾಕ್‌ವುಲ್. ಇದು ಕಲ್ಲನ್ನು ಕರಗಿಸಿ ತೆಗೆದ ಎಳೆಗಳ ಹಾಸು. ಕಾರ್ಖಾನೆಗಳಲ್ಲಿ ಬಿಸಿ ಕೊಳವೆಗಳಿಗೆ ಸುತ್ತಲು ಬಳಸುವ ಪದಾರ್ಥ. ಘನಮೀಟರಿಗೆ 48 ಕಿಲೋ ಸಾಂದ್ರತೆಯ, ಎರಡು ಇಂಚು ದಪ್ಪದ ಹಾಸುಗಳನ್ನು ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಎರಡು ಇಟ್ಟಾಗ ನಾಲ್ಕು ಇಂಚಾಯಿತು. ಒಂದು ಚೌಕಟ್ಟಿಗೆ ಹಿಡಿಸಿದ ಉಣ್ಣೆಯ ತೂಕ ಸುಮಾರು ಮೂರೂವರೆ ಕಿಲೋ. ಬೆನ್ನಿಗೆ ಕೋಳಿಗೂಡಿನ ಜಾಲರಿಯನ್ನು ಬಡಿದೆವು. ಅಲ್ಲಿ ಹಲಗೆ ಹೊಡೆದರೆ ಗಾಳಿ ಓಡಾಡದೆ ಕೆಲಸ ಕೆಡುತ್ತದೆ. ಬಳಿಕ ಇಡೀ ಚೌಕಟ್ಟಿಗೆ ಹಿಂದೆ ಮುಂದೆ ಮಾಂಜರಪಾಟು ಬಟ್ಟೆಯನ್ನು ಬಿಗಿಯಾಗಿ ಹೊದಿಸಿದೆವು. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿದಾಗ ಉಸಿರು ಸಲೀಸಾಗಿ ಆಚೆಗೆ ಹೋದರೆ ಅದು ತಕ್ಕ ಬಟ್ಟೆ. ಕಲ್ಲುಣ್ಣೆಯ ಎಳೆಗಳು ಮೈಗೆ ತುರಿಕೆ, ಎದೆಗೆ ಹಾನಿ; ಕತ್ತರಿಸುವಾಗ ಮೂಗಿಗೆ ಮುಖಗವಸು, ಕೈಗೆ ಕೈಚೀಲ, ತುಂಬುತೋಳಿನ ಅಂಗಿ ಇರಲೇಬೇಕು. ಹಳೆಯ ಹತ್ತಿಯನ್ನೂ ತುಂಬಬಹುದು. ಆದರೆ ಅದು ದಿನ ಕಳೆದಂತೆ ಕೆಳಗೆ ಜಗ್ಗುತ್ತದೆ, ಇಲಿಗೆ ಮನೆಯಾಗುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕಲ್ಲುಣ್ಣೆಗೆ ಬೆಂಕಿಯ ಭಯವಿಲ್ಲ.

ಬಾಗಿಲಿರುವ ಮೂಲೆಯನ್ನು ಬಿಟ್ಟು ಉಳಿದ ಮೂರು ಮೂಲೆಗಳಲ್ಲಿ ಒಂದರ ಮೇಲೊಂದರಂತೆ ಎರಡೆರಡು, ಒಟ್ಟು ಆರು ಬೋನುಗಳನ್ನು ನಿಲ್ಲಿಸಿದೆವು. ಇನ್ನೆರಡನ್ನು ಗೋಡೆ ಮತ್ತು ಮಾಡು ಕೂಡುವ ಅಂಚಿನಲ್ಲಿ ಓರೆಯಾಗಿ ತೂಗುಹಾಕಿದೆವು. ಅದೂ ಒಂದು ಬಗೆಯ ಮೂಲೆಯೇ. ಹಾಡುವವರ ಜಾಗವನ್ನು ನಡುವಿನಿಂದ ಸರಿಸಿ ಒಂದು ಗೋಡೆಯಿಂದ ಸುಮಾರು ನಾಲ್ಕಡಿ ದೂರಕ್ಕೆ ತಂದೆವು. ಈ ಕೊನೆಯ ಉಪಾಯಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಎಲ್ಲರೂ ಮೊದಲು ಮಾಡಿ ನೋಡತಕ್ಕದ್ದು ಇದನ್ನೇ.

ಫಲವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. 114ರ ಗುಂಯ್‌ಕಾರ ಬಹುವಾಗಿ ಇಳಿಯಿತು. ಪಂಚಮಕ್ಕೆ ಬಂದಾಗಲೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. 57ರದು ತುಸುವೇ ತಗ್ಗಿದೆ; ಅಷ್ಟು ಉದ್ದದ ಅಲೆಗೆ ನಮ್ಮ ಬೋನಿನ ಆಳ ಸಾಲದು. ಅಂಥ ಸ್ವರಕ್ಕೆ ಬೇರೆ ಬಗೆಯ ಬೋನುಗಳುಂಟು. ಗಡಿಗೆಯ ಬಾಯಿಗೆ ಊದಿದರೆ ಅದು ತನ್ನದೇ ಒಂದು ಸ್ವರದಲ್ಲಿ ಹೂಂಕರಿಸುತ್ತದಲ್ಲವೆ? ಆ ತತ್ತ್ವದಂತೆ ಒಂದೇ ಸ್ವರವನ್ನು ಹಿಡಿಯುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಆದರೆ ಅದರ ಅಳತೆ ತುಸು ತಪ್ಪಿದರೂ ಬೇಡದ ಸ್ವರವನ್ನು ಹಿಡಿದು ಕೂಡುತ್ತದೆ. ಮನುಷ್ಯರ ಕಂಠ 57ರವರೆಗೆ ಇಳಿಯುವುದು ಅಪರೂಪವಾದ್ದರಿಂದ ನಾವು ಆ ಗೋಜಿಗೆ ಹೋಗಲಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಈ ಬೋನು ಒಳಗಿನ ದನಿಯನ್ನು ಪಳಗಿಸುತ್ತದೆಯೇ ವಿನಾ ಹೊರಗಿನ ಸದ್ದನ್ನು ತಡೆಯುವುದಿಲ್ಲ. ರಸ್ತೆಯ ಲಾರಿಗಳು ನಮ್ಮ ಧ್ವನಿಮುದ್ರಣದಲ್ಲಿ ಈಗಲೂ ಧಾರಾಳವಾಗಿ ಭಾಗವಹಿಸುತ್ತವೆ. ನಾವು ರಾತ್ರಿ ಹತ್ತರ ಮೇಲೆ ಹಾಡಿಸುತ್ತೇವೆ. ಬೋನು ಒಳ್ಳೆಯದೆಂದು ಗೋಡೆಗಳಿಗೆಲ್ಲ ಮೆತ್ತೆ ಹೊದಿಸುವುದೂ ತರವಲ್ಲ. ಹಾಗೆ ಮಾಡಿದರೆ ಹಾಡು ಹತ್ತಿಯ ಮೂಟೆಯೊಳಗೆ ಹಾಡಿದಂತೆ ನಿರ್ಜೀವವಾಗುತ್ತದೆ. ಮೊಟ್ಟೆಯ ತಟ್ಟೆಗಳನ್ನು ಕಿತ್ತುಹಾಕಿದ ಮೇಲೆಯೇ ನಮ್ಮಲ್ಲಿ ಮಾತಿನ ಹೊಳಪು ಮರಳಿದ್ದು.

ಹೊಸದಾಗಿ ಕೋಣೆ ಕಟ್ಟುವವರಿಗೆ ಇನ್ನೂ ಸುಲಭದ ದಾರಿಯಿದೆ. ಎತ್ತರ ಹತ್ತಡಿಯಾದರೆ ಅಗಲ ಹನ್ನೊಂದೂವರೆ, ಉದ್ದ ಹದಿನಾಲ್ಕು ಅಡಿ ಇಟ್ಟರೆ ಮೂರು ದಿಕ್ಕಿನ ಸ್ವರಗಳು ಒಂದರ ಮೇಲೊಂದು ಬೀಳದೆ ಹಂಚಿಹೋಗುತ್ತವೆ. ಬೋನುಗಳಿಗೆ ಕೆಲಸ ಕಡಿಮೆಯಾಗುತ್ತದೆ. ಈ ಅಳತೆಯನ್ನು ತಂದೆಯವರು ನನ್ನಿಂದ ಎರಡು ಸಲ ಹೇಳಿಸಿಕೊಂಡು ನೆನಪಿಟ್ಟಿದ್ದಾರೆ. ಮೊನ್ನೆ ಮನೆ ಕಟ್ಟಿಸಲು ಬಂದ ಒಬ್ಬರನ್ನು, ‘ನಿಮ್ಮ ಮನೆಯಲ್ಲಿ ಹಾಡುವವರು ಯಾರಾದರೂ ಇದ್ದಾರೆಯೇ?’ ಎಂದು ಅವರು ಕೇಳುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಬೋನು ನಿಲ್ಲಿಸಿದ ರಾತ್ರಿ ಮುದ್ರಿಸಿದ ಮೊದಲ ಪದವನ್ನು ಅವರಿಗೆ ಕೇಳಿಸಿದಾಗ ಅವರು ಕಂಠದ ವಿಷಯವನ್ನು ಎತ್ತಲೇ ಇಲ್ಲ. ‘ಮೂರನೆಯ ನುಡಿಯಲ್ಲಿ ಒಂದು ಮಾತು ತಪ್ಪಿದ್ದೇನೆ, ಇನ್ನೊಮ್ಮೆ ಹಿಡಿ’ ಎಂದರು. ಇದುವರೆಗೆ ಹನ್ನೊಂದು ಪದಗಳಾಗಿವೆ. ಇನ್ನು ಮೂವತ್ತರಷ್ಟಾದರೂ ಇವೆಯೆಂದು ಅವರ ಅಂದಾಜು. ಈ ವರ್ಷ ಪರೀಕ್ಷೆ ಮುಗಿಯುವುದರೊಳಗೆ ಅಷ್ಟನ್ನೂ ಮುಗಿಸಬೇಕೆಂಬುದು ನನ್ನ ಹಟ.

ನಮ್ಮ ಕಾಲೇಜಿನ ಅನೇಕ ಮಿತ್ರರ ಮನೆಗಳಲ್ಲಿ ಹಾಡು ಬಲ್ಲ ಹಿರಿಯರಿದ್ದಾರೆ. ಮೊಬೈಲು ಎಲ್ಲರ ಕಿಸೆಯಲ್ಲಿದೆ. ಮುದ್ರಿಸಿಕೊಂಡದ್ದು ಚೆನ್ನಾಗಿ ಕೇಳಿಸದಿದ್ದರೆ ಕಂಠ ಕೆಟ್ಟಿತೆಂದು ಅವರೆದುರು ತಲೆಯಾಡಿಸುವ ಮುನ್ನ ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಒಮ್ಮೆ ಅಳೆದು ನೋಡಬೇಕೆಂದು ನನ್ನ ವಿನಂತಿ. ಹಾಸಿಗೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿ ನೋಡಲು ಒಂದು ಸಂಜೆ ಸಾಕು. ಚೌಕಟ್ಟು ಮಾಡುವಷ್ಟು ಮನಸ್ಸಾದರೆ ಹೇಳಿಕಳುಹಿಸಿ; ಮೊಳೆ ಹೊಡೆಯಲು ನಾನು ಬರುತ್ತೇನೆ.